ಆಡಿಟ್ ಇದ್ದೂ ಕಳ್ಳತನ ಯಾಕೆ?

ಓದುಗರ ಪತ್ರ: ಅಮೆರಿಕದಲ್ಲಿ ಸರ್ಕಾರಿ ಕಂಪ್ಯೂಟರ್‌ಗಳಿಗೆ ಪ್ರತಿ ವರ್ಷ ಭದ್ರತಾ ಆಡಿಟ್ ನಡೆಯುತ್ತದೆ. ಆದರೂ 2015ರಲ್ಲಿ ಕೋಟಿಗಟ್ಟಲೆ ಜನರ ಮಾಹಿತಿ ಕಳುವಾದದ್ದು ಬಯಲಾಯಿತು. ಈ ಆಡಿಟ್ ಎಲ್ಲ ಸುಮ್ನೆ ಕಾಗದ ತುಂಬಿಸುವ ಕೆಲಸ ಅಲ್ವಾ?

ಸಂಪಾದಕರ ಉತ್ತರ: ನಿಮ್ಮ ಸಿಟ್ಟಿಗೆ ಕಾರಣವಿದೆ. ಆದರೆ ಅಲ್ಲಿ ಆಡಿಟರ್‌ಗಳು ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು. ಅವರ ಮಾತು ಕೇಳಿದವರಿಲ್ಲ.

ಕಳ್ಳತನವಾದದ್ದು ಕೇಂದ್ರ ಸರ್ಕಾರಿ ನೌಕರರ ದಾಖಲೆ ಇಟ್ಟುಕೊಳ್ಳುವ ಒಪಿಎಂ ಎಂಬ ಕಚೇರಿಯಲ್ಲಿ. ಅಲ್ಲಿನ ಭದ್ರತೆಯಲ್ಲಿ ಗಂಭೀರ ಲೋಪವಿದೆ ಎಂದು ಒಪಿಎಂ ಅನ್ನು ಆಡಿಟ್ ಮಾಡುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2007ರಿಂದಲೇ ಹೇಳುತ್ತಾ ಬಂದಿತ್ತು. 2014ರ ನವೆಂಬರ್ ವರದಿಯಂತೂ ಇನ್ನೂ ಖಡಕ್ಕಾಗಿತ್ತು. ಭದ್ರತಾ ಪರೀಕ್ಷೆ ಮುಗಿಸಿ ಅನುಮತಿ ಪಡೆಯದ ಸಿಸ್ಟಮ್‌ಗಳು ಓಡುತ್ತಿವೆ, ಅವನ್ನು ನಿಲ್ಲಿಸುವ ಬಗ್ಗೆ ಯೋಚಿಸಿ ಎಂದಿತು. ಒಪಿಎಂ ನಿಲ್ಲಿಸಲಿಲ್ಲ. ಕಳ್ಳರು ಅಷ್ಟರಲ್ಲೇ ಒಳಗೆ ಸೇರಿದ್ದರು, ನಿಜ. ಆದರೆ ಬೆರಳಚ್ಚುಗಳನ್ನು ಹೊತ್ತೊಯ್ದದ್ದು 2015ರ ಮಾರ್ಚ್‌ನಲ್ಲಿ, ಈ ವರದಿ ಬಂದು ನಾಲ್ಕು ತಿಂಗಳಾದ ಮೇಲೆ!

ನನಗೆ ತುಂಬಾ ನೋವು ಕೊಡುವುದು ಇದೇ. ಹೋದದ್ದು 2 ಕೋಟಿ 15 ಲಕ್ಷ ಜನರ ಹಿನ್ನೆಲೆ ತನಿಖೆಯ ಮಾಹಿತಿ. ರಹಸ್ಯ ಮಾಹಿತಿ ನೋಡುವ ಕೆಲಸ ಬೇಕೆಂದರೆ ಮನೆಯವರ ವಿವರ, ಸಾಲ, ಮಾನಸಿಕ ಚಿಕಿತ್ಸೆ ಎಲ್ಲ ಬರೆದುಕೊಡಬೇಕಿತ್ತು. ಸರ್ಕಾರವನ್ನು ನಂಬಿ ಬರೆದುಕೊಟ್ಟರು. 56 ಲಕ್ಷ ಜನರ ಬೆರಳಚ್ಚೂ ಹೋಯಿತು. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು. ಬೆರಳು ಬದಲಿಸೋಕಾಗುತ್ತಾ?

ಹಾಗಾಗಿ ಆಡಿಟ್ ಬೇಡ ಅನ್ನುವುದು ಸರಿಯಲ್ಲ. ಲೋಪ ಕಂಡಾಗ ಸಿಸ್ಟಮ್ ನಿಲ್ಲಿಸುವ ಅಧಿಕಾರ ಯಾರದ್ದು, ಅವರು ಯಾರಿಗೆ ಉತ್ತರ ಕೊಡಬೇಕು ಅನ್ನುವುದು ಮೊದಲೇ ಗೊತ್ತಿರಬೇಕು. ಆಡಿಟರ್ ಸಲಹೆ ಮಾತ್ರ ಕೊಡಬಲ್ಲರು, ಸ್ವಿಚ್ ಅವರ ಕೈಯಲ್ಲಿಲ್ಲ. ಒಪಿಎಂ ಮುಖ್ಯಸ್ಥೆ ರಾಜೀನಾಮೆ ಕೊಟ್ಟದ್ದು 2015ರ ಜುಲೈನಲ್ಲಿ, ಎಲ್ಲ ಹೋದ ಮೇಲೆ.

ಒಳ್ಳೆಯ ಬದಲಾವಣೆಯೂ ಆಗಿದೆ. 2014ರ ಕೊನೆಯಲ್ಲಿ ಬಂದ ಫಿಟಾರಾ ಕಾನೂನು ಇಲಾಖೆಗಳ ಐಟಿ ಮುಖ್ಯಸ್ಥರಿಗೆ ಬಜೆಟ್ ಮೇಲೆ ಹೆಚ್ಚಿನ ಹಿಡಿತ ಕೊಟ್ಟಿತು. ಈ ಕಾನೂನನ್ನು ಎಷ್ಟು ಪಾಲಿಸಿದೆ ಎಂದು ನೋಡಿ, 2015ರ ನವೆಂಬರ್‌ನಿಂದ ಸಂಸತ್ತಿನ ಸಮಿತಿ ಒಂದೊಂದು ಇಲಾಖೆಗೂ ಶಾಲೆಯ ಮಾರ್ಕ್ಸ್ ಕಾರ್ಡ್ ಥರ ಗ್ರೇಡ್ ಕೊಡತೊಡಗಿತು, ಅದೂ ಎಲ್ಲರ ಮುಂದೆ. ಗ್ರೇಡ್ ಬಗ್ಗೆ ಅಧಿಕಾರಿಗಳನ್ನು ಸಮಿತಿ ಎದುರಿಗೆ ಕೂರಿಸಿ ಪ್ರಶ್ನಿಸಿದ್ದೂ ಇದೆ. ಇದು ನನಗೆ ಜಾಸ್ತಿ ಇಷ್ಟವಾಗುತ್ತದೆ.

ಇನ್ನು ಮುಂದೆ ಯಾವುದೇ ಸರ್ಕಾರದ ಆಡಿಟ್ ವರದಿ ಕೈಗೆ ಬಂದರೆ, ಹಿಂದಿನ ವರ್ಷದ ಸಲಹೆಗಳಲ್ಲಿ ಎಷ್ಟು ಜಾರಿಯಾಗದೆ ಉಳಿದಿವೆ ಎಂಬ ಪುಟವನ್ನು ಮೊದಲು ಓದಿ.

– ಸಂ.