ಗೋಲ್ಡನ್‌ಐ ಹೊಗಳುವವರು ತಪ್ಪು ಅರ್ಧವನ್ನು ಹೊಗಳುತ್ತಾರೆ

ಸಿರಸಿಯ ಓದುಗ ಮಿತ್ರರೇ,

ನಿಮ್ಮ ಪತ್ರ ಸಿಕ್ಕಿತು. ಸಿಟ್ಟಿನಲ್ಲೇ ಬರೆದಿದ್ದೀರಿ, ಪರವಾಗಿಲ್ಲ, ನಮಗೆ ಬರುವ ಹೊಗಳಿಕೆ ಪತ್ರಗಳಿಗಿಂತ ಇವೇ ಓದೋಕೆ ಚೆನ್ನ. ಉಳಿದ ಓದುಗರಿಗೂ ವಿಷಯ ಗೊತ್ತಾಗಲಿ ಅಂತ ಮೊದಲು ಸ್ವಲ್ಪ ಹೇಳಿಬಿಡುತ್ತೇನೆ. ಹೋದ ಸಂಚಿಕೆಯಲ್ಲಿ ‘ಗೋಲ್ಡನ್‌ಐ’ ಅನ್ನೋ ಜೇಮ್ಸ್ ಬಾಂಡ್ ಸಿನಿಮಾದ ಮೇಲೆ ಮಾಡಿದ ‘ಗೋಲ್ಡನ್‌ಐ 007’ ಅನ್ನೋ ಹಳೇ ಟಿವಿ ಗೇಮ್ ಬಗ್ಗೆ ಓದುಗರ ಅಭಿಪ್ರಾಯ ಹಾಕಿದ್ದೆವು. ಕಾರವಾರ, ಕುಮಟಾ, ಭಟ್ಕಳದವರು ಬರೆದದ್ದೇ ಜಾಸ್ತಿ. ಇದಕ್ಕಿಂತ ಒಳ್ಳೇ ಗುಂಡಿನ ಆಟ ಇನ್ನೂ ಹುಟ್ಟಿಲ್ಲ ಅಂತ ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ರಾಗ. ಅದನ್ನು ನಂಬಿ ನೀವು ಅಣ್ಣನ ನಿಂಟೆಂಡೊ ಸ್ವಿಚ್ ಗೇಮ್ ಯಂತ್ರದಲ್ಲಿ ಆಟ ಹಾಕಿದಿರಿ, ಒಂದು ಸಂಜೆ ಪೂರ್ತಿ ಒದ್ದಾಡಿದಿರಿ, ಆಮೇಲೆ ನಮಗೆ ಪತ್ರ ಬರೆದಿರಿ. ದೂರು ಮೂರು. ಕಂಟ್ರೋಲ್ ಕೈಗೆ ಹತ್ತುವುದೇ ಇಲ್ಲ. ಕಾವಲುಗಾರರು ಶುದ್ಧ ಪೆದ್ದರು. ಹೊಗಳಿದವರೆಲ್ಲ ತಮ್ಮ ಬಾಲ್ಯವನ್ನು ಹೊಗಳಿಕೊಂಡಿದ್ದಾರೆ, ಆಟವನ್ನು ನೋಡಿಯೇ ಇಲ್ಲ.

ಮೂರನೆಯದರಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದರಲ್ಲಿ ನೀವು ಬಹುತೇಕ ಸರಿ.

ನಾವು ಹಾಕಿದ ಅಭಿಪ್ರಾಯಗಳನ್ನು ಇನ್ನೊಮ್ಮೆ ಓದಿ ನೋಡಿ. ಭಟ್ಕಳದವರೊಬ್ಬರು ತಮ್ಮ ಮನೆಯಲ್ಲಿ ಆಡ್‌ಜಾಬ್‌ನನ್ನು ಆಯ್ಕೆ ಮಾಡುವುದಕ್ಕೇ ನಿಷೇಧ ಇತ್ತು ಅಂತ ಬರೆದಿದ್ದರು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಆಡ್‌ಜಾಬ್ ಆಟದ ಉಳಿದವರಿಗಿಂತ ಗಿಡ್ಡ. ನೀವು ನೇರ ನೋಡಿ ಗುಂಡು ಹಾರಿಸಿದರೆ ಅದು ಅವನ ತಲೆ ಮೇಲೆ ಹೋಗುತ್ತದೆ. ಅವನನ್ನು ಹೊಡೆಯೋಕೆ ಪ್ರತಿ ಸಲವೂ ಕೆಳಗೆ ಗುರಿ ಇಡಬೇಕು, ಅಷ್ಟರೊಳಗೆ ನೀವು ಸತ್ತಿರುತ್ತೀರಿ. ಕುಮಟಾದವರು ಬರೆದದ್ದು ಪಕ್ಕದವನ ಪರದೆ ಕದ್ದು ನೋಡುವ ಜಗಳದ ಬಗ್ಗೆ. ಒಂದೇ ಟಿವಿ, ನಾಲ್ಕು ಭಾಗ, ನಾಲ್ಕು ಜನ. ಯಾರು ಎಲ್ಲಿ ಅಡಗಿದ್ದಾರೆ ಅಂತ ಕಣ್ಣು ಸ್ವಲ್ಪ ಹೊರಳಿಸಿದರೆ ಗೊತ್ತಾಗುತ್ತದೆ. ಮತ್ತೊಬ್ಬರು ಒಂದೇ ಗುಂಡಿಗೆ ಸಾಯುವ ‘ಲೈಸೆನ್ಸ್ ಟು ಕಿಲ್’ ಬಿಟ್ಟು ಬೇರೆ ಆಡಿದವರನ್ನು ಗಂಡಸರೆಂದೇ ಲೆಕ್ಕಕ್ಕೆ ಇಡುತ್ತಿರಲಿಲ್ಲವಂತೆ. (ಈ ಸಾಲನ್ನು ಓದಿ ಅವರ ತಂಗಿ ಬೇರೆ ಪತ್ರ ಬರೆದಿದ್ದಾರೆ, ಗೆಲ್ಲುತ್ತಿದ್ದದ್ದು ಯಾರು ಅಂತ.)

ಇದೆಲ್ಲ ಓದೋಕೆ ಮಜಾ ಇದೆ. ಆದರೆ ಇದರಲ್ಲಿ ಆಟಕ್ಕಿಂತ ಕೋಣೆಯೇ ಜಾಸ್ತಿ ಇದೆ, ಅಲ್ವಾ? ಈ ಆಟ ಹಾಕುತ್ತಿದ್ದ ನಿಂಟೆಂಡೊ 64 ಯಂತ್ರ ನಮ್ಮ ಕರಾವಳಿಗೆ ಬಂದ ರೀತಿಯೂ ಹಾಗೇ ಇತ್ತು. ಇಲ್ಲಿನ ಅಂಗಡಿಗಳಲ್ಲಿ ಸಿಗುತ್ತಿದ್ದದ್ದು 8 ಬಿಟ್‌ನ ನಕಲಿ ಸೆಟ್ಟುಗಳು. 64 ಬೇಕೆಂದರೆ ಗಲ್ಫಿನಲ್ಲಿರುವ ಮಾವನೋ ಚಿಕ್ಕಪ್ಪನೋ ರಜೆಗೆ ಬರುವಾಗ ತರಬೇಕಿತ್ತು. ಅಮೆರಿಕದಿಂದ ತರಿಸಿದವರು ಅದರ 120 ವೋಲ್ಟಿನ ಅಡಾಪ್ಟರನ್ನು ನಮ್ಮ ಪ್ಲಗ್ಗಿಗೆ ನೇರ ಹಾಕಿ ಸುಟ್ಟುಕೊಂಡದ್ದೂ ಉಂಟು. ಹಾಗಾಗಿ ಇಡೀ ಕೇರಿಗೆ ಒಂದು ಸೆಟ್ಟು, ಒಂದೋ ಎರಡೋ ಕ್ಯಾಸೆಟ್ಟು, ಹೊರಗೆ ಜೂನ್-ಜುಲೈ ಮಳೆ. ಅಂಥಾ ಕೋಣೆಯಲ್ಲಿ ಯಾವ ಆಟ ಹಾಕಿದ್ದರೂ ನೆನಪಿರುತ್ತಿತ್ತು. ನೀವು ಒಬ್ಬರೇ ಕೂತು ಅದೇ ಮಜಾ ಹುಡುಕಿದರೆ ಸಿಗುವುದಿಲ್ಲ. ಸಿಗಲಿಕ್ಕೆ ಸಾಧ್ಯವೂ ಇಲ್ಲ, ಯಾಕೆಂದರೆ ಈ ಆಟದ ಮಲ್ಟಿಪ್ಲೇಯರ್‌ನಲ್ಲಿ, ಅಂದರೆ ಹಲವರು ಸೇರಿ ಆಡುವ ಭಾಗದಲ್ಲಿ, ಕಂಪ್ಯೂಟರ್ ಆಡಿಸುವ ಎದುರಾಳಿಗಳೇ ಇಲ್ಲ.

ಇನ್ನೊಂದು ವಿಷಯ ಕೇಳಿ. ಎಲ್ಲರೂ ಬಾಯಿ ತುಂಬ ಹೊಗಳುವ ಈ ನಾಲ್ವರ ಆಟವನ್ನು ಕೊನೇ ಗಳಿಗೆಯಲ್ಲಿ ಸೇರಿಸಿದ್ದು. ಇಂಗ್ಲೆಂಡಿನ ರೇರ್ ಕಂಪನಿಯಲ್ಲಿ ಮಾರ್ಟಿನ್ ಹಾಲಿಸ್ ಅನ್ನುವವರ ಕೈಕೆಳಗೆ ಒಂದು ಪುಟ್ಟ ತಂಡ ಇದನ್ನು ಮಾಡಿತು. ಅವರಲ್ಲಿ ಹೆಚ್ಚಿನವರಿಗೆ ಇದು ಮೊದಲ ಗೇಮ್. ಸಿನಿಮಾ ಬಂದದ್ದು 1995ರಲ್ಲಿ, ಗೇಮ್ ಬಂದದ್ದು 1997ರ ಆಗಸ್ಟ್‌ನಲ್ಲಿ. ಅಷ್ಟು ಹೊತ್ತಿಗೆ ಜನ ಸಿನಿಮಾ ಮರೆತು ಮುಂದೆ ಹೋಗಿದ್ದರು. ಆ ಎರಡೂ ಚಿಲ್ಲರೆ ವರ್ಷಗಳ ಕೆಲಸದಲ್ಲಿ ಮಲ್ಟಿಪ್ಲೇಯರ್‌ಗೆ ಸಿಕ್ಕಿದ್ದು ಕೊನೆಯ ಕೆಲವೇ ತಿಂಗಳು. ಸ್ಟೀವ್ ಎಲ್ಲಿಸ್ ಅನ್ನುವ ಪ್ರೋಗ್ರಾಮರ್ ಅದನ್ನು ಜೋಡಿಸಿದರು. ತಂಡದ ತಲೆ ಮತ್ತು ಸಮಯ ಹೋದದ್ದು ಒಬ್ಬನೇ ಆಡುವ ಅರ್ಧಕ್ಕೆ. ಆಟ 80 ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು, ಹೊಗಳಿಕೆ ಮಾತ್ರ ಇನ್ನೊಂದು ಅರ್ಧಕ್ಕೆ ಹೋಯಿತು. ಮದುವೆ ಊಟ ಮುಗಿಸಿ ಬಂದವರು ಅಪ್ಪೆಮಿಡಿ ಉಪ್ಪಿನಕಾಯಿ ಒಂದನ್ನೇ ಹೊಗಳಿದ ಹಾಗೆ.

ಈಗ ಕಂಟ್ರೋಲ್ ವಿಷಯ. ನಿಮ್ಮ ಕೈಯಲ್ಲಿ ತಪ್ಪಿಲ್ಲ. ಇವತ್ತಿನ ಶೂಟರ್‌ಗಳಲ್ಲಿ, ಅಂದರೆ ಗುಂಡಿನ ಆಟಗಳಲ್ಲಿ, ಕಂಟ್ರೋಲರ್‌ನ ಎಡಗಡ್ಡಿಯಲ್ಲಿ ನಡೆಯುತ್ತೀರಿ, ಬಲಗಡ್ಡಿಯಲ್ಲಿ ನೋಡುತ್ತೀರಿ. ಆ ಅಭ್ಯಾಸ ಟಿವಿ ಗೇಮ್ ಯಂತ್ರಗಳಲ್ಲಿ ಆಡುವವರ ಕೈಗೆ ಗಟ್ಟಿಯಾಗಿ ಕೂತದ್ದು 2001ರಲ್ಲಿ ‘ಹೇಲೋ’ ಅನ್ನುವ ಶೂಟರ್ ಬಂದ ಮೇಲೆ. ನಿಂಟೆಂಡೊ 64ರ ಕಂಟ್ರೋಲರ್‌ನಲ್ಲಿ ಇದ್ದದ್ದು ಒಂದೇ ಕಡ್ಡಿ. ಅದನ್ನು ಮುಂದೆ ಒತ್ತಿದರೆ ನಡೆಯುತ್ತೀರಿ, ಪಕ್ಕಕ್ಕೆ ಒತ್ತಿದರೆ ತಿರುಗುತ್ತೀರಿ. ಅಡ್ಡ ಸರಿಯೋಕೆ, ಮೇಲೆ ಕೆಳಗೆ ನೋಡೋಕೆ ಬಲಗಡೆಯ ನಾಲ್ಕು ಹಳದಿ ಗುಂಡಿಗಳು.

ಆದರೆ ಇದಕ್ಕೊಂದು ಲೆಕ್ಕ ಇದೆ. ತಂಡ ಶುರುವಿನಲ್ಲಿ ಯೋಚಿಸಿದ್ದೇ ‘ವರ್ಚುವಾ ಕಾಪ್’ ತರಹದ ಆಟ. ಅಂದರೆ ಹಳಿ ಮೇಲೆ ಹೋದಂತೆ ಆಟವೇ ನಿಮ್ಮನ್ನು ಕರೆದುಕೊಂಡು ಹೋಗುತ್ತದೆ, ನಿಮ್ಮದು ಬರೀ ಗುರಿ ಇಡುವ ಕೆಲಸ. ಆಮೇಲೆ ಹಳಿ ಕಿತ್ತುಹಾಕಿದರು, ಗುರಿ ಉಳಿಯಿತು. ಆರ್ ಗುಂಡಿ ಒತ್ತಿ ಹಿಡಿದರೆ ಪರದೆ ಮೇಲೆ ಗುರಿಚಿಹ್ನೆ ಬರುತ್ತದಲ್ಲ, ಅದೇ ಆ ಹಳೇ ಆಟದ ಪಳೆಯುಳಿಕೆ. ಹಾಗಾಗಿ ಇಲ್ಲಿ ಓಡುತ್ತಾ ಹೊಡೆಯುವಾಗ ಆಟವೇ ಗುರಿ ಸರಿಮಾಡಿಕೊಡುತ್ತದೆ, ನಿಖರವಾಗಿ ಹೊಡೆಯಬೇಕೆಂದರೆ ನಿಲ್ಲಬೇಕು. ನಿಂತು ಹೊಡೆಯಿರಿ, ಬಾಗಿಲ ಮರೆಯಿಂದ ಇಣುಕಿ, ಒಂದೊಂದೇ ಗುಂಡು. ನೀವು ಇವತ್ತಿನ ಶೂಟರ್ ತರಹ ಜಿಗಿದು ಕುಣಿದು ಆಡೋಕೆ ಹೋಗಿದ್ದೀರಿ. ಇದರಲ್ಲಿ ಜಿಗಿಯುವ ಗುಂಡಿಯೇ ಇಲ್ಲ ಮಾರಾಯರೇ!

ಇನ್ನೂ ಕೈ ಒಗ್ಗದಿದ್ದರೆ ಆಟದೊಳಗಿನ ಕಂಟ್ರೋಲ್ ಪಟ್ಟಿಗೆ ಹೋಗಿ. ಬಾಂಡ್ ಸಿನಿಮಾಗಳ ನಾಯಕಿಯರ ಹೆಸರಿನಲ್ಲಿ ಎಂಟು ಬಗೆ ಇವೆ. ‘1.2 ಸಾಲಿಟೇರ್’ ಆರಿಸಿ, ಆಮೇಲೆ ಸ್ವಿಚ್‌ನ ಸೆಟ್ಟಿಂಗ್ಸ್‌ನಲ್ಲಿ ಎಡಬಲ ಕಡ್ಡಿ ಅದಲುಬದಲು ಮಾಡಿ. ಬಹುಪಾಲು ಈಗಿನ ರೀತಿಗೇ ಬರುತ್ತದೆ. ಎರಡರಿಂದ ಶುರುವಾಗುವ ನಾಲ್ಕು ಬಗೆಗಳಂತೂ ಇನ್ನೂ ತಮಾಷೆ. 1997ರಲ್ಲೇ ಒಬ್ಬನೇ ಎರಡು ಕಂಟ್ರೋಲರ್ ಹಿಡಿದು, ಒಂದೊಂದು ಕೈಗೆ ಒಂದೊಂದು ಕಡ್ಡಿ ಇಟ್ಟುಕೊಂಡು ಆಡಬಹುದಿತ್ತು. ಅವತ್ತಿಗೇ ದಾರಿ ಗೊತ್ತಿತ್ತು, ಎರಡನೇ ಕಂಟ್ರೋಲರ್ ತಮ್ಮನ ಕೈಯಲ್ಲಿರುತ್ತಿತ್ತು ಅಷ್ಟೇ.

ಕಾವಲುಗಾರರ ಬಗ್ಗೆ ಜಗಳ ಆಡುವುದಿಲ್ಲ. ಸುಮ್ನೆ ಪಕ್ಕಕ್ಕೆ ಉರುಳುತ್ತಾರೆ, ಬೆನ್ನ ಹಿಂದೆ ಬಂದು ನಿಂತರೂ ಗೊತ್ತಾಗುವುದಿಲ್ಲ. ಆದರೆ ಒಂದನ್ನು ಗಮನಿಸಿ ನೋಡಿ, ಅವರಿಗೆ ಬಂದೂಕಿನ ಸದ್ದು ಕೇಳುತ್ತದೆ. ಸೈಲೆನ್ಸರ್ ಇರುವ ಪಿಸ್ತೂಲಿನಿಂದ ಒಬ್ಬನನ್ನು ಮಲಗಿಸಿದರೆ ಪಕ್ಕದ ಕೋಣೆಯವನು ನಿಂತಲ್ಲೇ ನಿಂತಿರುತ್ತಾನೆ. ದೊಡ್ಡ ಬಂದೂಕು ಹಿಡಿದು ದಡದಡ ಹೊಡೆದರೆ ಸಾಲಾಗಿ ಓಡಿ ಬರುತ್ತಾರೆ. ಕೈಗೆ ಹೊಡೆದರೆ ಕೈ ಹಿಡಿದುಕೊಳ್ಳುತ್ತಾರೆ, ಕಾಲಿಗೆ ಹೊಡೆದರೆ ಕುಂಟುತ್ತಾರೆ, ಟೋಪಿಯನ್ನಷ್ಟೇ ಹಾರಿಸಲಿಕ್ಕೂ ಬರುತ್ತದೆ. ಇದೂ ವರ್ಚುವಾ ಕಾಪ್ ನೋಡಿ ಕಲಿತದ್ದೇ. ಒಬ್ಬೊಬ್ಬ ಕಾವಲುಗಾರ ಪೆದ್ದ ಹೌದು. ಆದರೆ ಇಲ್ಲಿ ನಿಮ್ಮ ಜೀವ ತಾನಾಗಿ ತುಂಬಿಕೊಳ್ಳುವುದಿಲ್ಲ, ಔಷಧಿ ಪೆಟ್ಟಿಗೆ ಇಲ್ಲ, ಮಧ್ಯೆ ಸೇವ್ ಇಲ್ಲ. ಅಲ್ಲಲ್ಲಿ ಸಿಗುವ ಕವಚ ಒಂದೇ ಗತಿ. ಹತ್ತು ಪೆದ್ದರು ಒಂದೊಂದು ಗುಂಡು ತಾಗಿಸಿದರೂ ಮೊದಲಿಂದ ಆಡಬೇಕು.

ನೀವು ಆಡಿದ್ದು ಎಲ್ಲಕ್ಕಿಂತ ಸುಲಭದ ‘ಏಜೆಂಟ್’ ಮಟ್ಟ ಅಂತ ಪತ್ರದಿಂದಲೇ ಗೊತ್ತಾಗುತ್ತದೆ, ಯಾಕೆಂದರೆ ಅಣೆಕಟ್ಟಿನ ಹಂತದಲ್ಲಿ ‘ಓಡಿಹೋಗಿ ಹಾರುವುದು ಬಿಟ್ಟು ಏನೂ ಇಲ್ಲ’ ಅಂದಿದ್ದೀರಿ. ಆ ಮಟ್ಟದಲ್ಲಿ ನಿಜಕ್ಕೂ ಏನೂ ಇಲ್ಲ. ಅದನ್ನೇ ಕಷ್ಟದ ‘00 ಏಜೆಂಟ್’ ಮಟ್ಟದಲ್ಲಿ ಆಡಿ. ಅಲಾರಂಗಳನ್ನೆಲ್ಲ ಹುಡುಕಿ ಒಡೆಯಬೇಕು, ಮೋಡೆಮ್ ಅಂಟಿಸಬೇಕು, ಡೇಟಾ ಕದಿಯಬೇಕು, ಆಮೇಲೆ ಹಾರಬೇಕು. ಜಾಗ ಅದೇ, ಗೋಪುರ ಅದೇ, ಸುರಂಗ ಅದೇ, ಆದರೆ ಮೊದಲ ಸಲ ಓಡಿ ದಾಟಿದ ಮೂಲೆಗಳಿಗೆಲ್ಲ ಈಗ ಕೆಲಸ ಬಂದಿದೆ. ಸಾಮಾನ್ಯವಾಗಿ ಕಷ್ಟದ ಮಟ್ಟ ಅಂದರೆ ಶತ್ರುಗಳಿಗೆ ಗುಂಡು ಜಾಸ್ತಿ ತಾಗಬೇಕು, ನಿಮಗೆ ಕಮ್ಮಿ ಸಾಕು, ಅಷ್ಟೇ. ಇಲ್ಲಿ ಅದರ ಜೊತೆಗೆ ಕೆಲಸವೇ ಬೇರೆಯಾಗುತ್ತದೆ. ಈ ಉಪಾಯ ಬಂದದ್ದು ‘ಸೂಪರ್ ಮಾರಿಯೊ 64’ನಿಂದ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಬೇರೆ ಕೆಲಸಕ್ಕೆ ಹೋಗುವುದು ಅದರಲ್ಲಿತ್ತು.

ಇದಕ್ಕಿಂತ ಸ್ವಾರಸ್ಯ ಏನೆಂದರೆ, ತಂಡದವರು ಎಷ್ಟೋ ಜಾಗಗಳನ್ನು ಕಟ್ಟುವಾಗ ಆಟಗಾರ ಎಲ್ಲಿಂದ ಹೊರಡುತ್ತಾನೆ, ಎಲ್ಲಿ ಮುಗಿಸುತ್ತಾನೆ ಅಂತ ಯೋಚಿಸಿಯೇ ಇರಲಿಲ್ಲ. ಮೊದಲು ಕಟ್ಟಡ ಎಬ್ಬಿಸಿದರು. ಆಮೇಲೆ ಅದರೊಳಗೆ ಏನು ಕೆಲಸ ಕೊಡಬಹುದು ಅಂತ ನೋಡಿದರು. ಅದಕ್ಕೇ ಅಲ್ಲಿ ಯಾಕಿದೆ ಅಂತ ಗೊತ್ತಾಗದ ಕೋಣೆಗಳು ಸಿಗುತ್ತವೆ, ಶೌಚಾಲಯ ಸಿಗುತ್ತದೆ, ಎಲ್ಲಿಗೂ ಹೋಗದ ದಾರಿ ಸಿಗುತ್ತದೆ. ಇವತ್ತಿನ ಶೂಟರ್‌ಗಳಲ್ಲಿ ಪ್ರತಿ ಗೋಡೆಯೂ ನಿಮ್ಮನ್ನು ಮುಂದಿನ ಜಗಳಕ್ಕೆ ದೂಡುತ್ತಿರುತ್ತದೆ. ಇಲ್ಲಿ ಕಟ್ಟಡಕ್ಕೆ ನಿಮ್ಮ ಚಿಂತೆಯೇ ಇಲ್ಲ. ಗೂಢಚಾರನಿಗೆ ಸಿಗಬೇಕಾದದ್ದು ಅಂಥಾ ಜಾಗ ಅಂತ ನನ್ನ ಅಭಿಪ್ರಾಯ.

ಅಂಕೋಲಾದ ಮೇಷ್ಟರೊಬ್ಬರ ಮೂರು ಸಾಲಿನ ಅಭಿಪ್ರಾಯ ಹೋದ ಸಂಚಿಕೆಯ ಮೂಲೆಯಲ್ಲಿತ್ತು, ನೀವು ನೋಡಿದ್ದೀರೋ ಇಲ್ಲವೋ. ಅವರ ಬಳಿ ಇದ್ದದ್ದು ಒಂದೇ ಕಂಟ್ರೋಲರ್, ರಜೆ ತುಂಬ ‘ಫೆಸಿಲಿಟಿ’ ಅನ್ನುವ ಹಂತ ಒಂದನ್ನೇ ಆಡಿದ್ದಂತೆ. ಇಡೀ ಪುಟದಲ್ಲಿ ಆಟವನ್ನು ನೋಡಿ ಬರೆದದ್ದು ಅವರೊಬ್ಬರೇ. ಫೆಸಿಲಿಟಿಯಲ್ಲಿ ಡಾಕ್ಟರ್ ಡೋಕ್ ಅಂತ ಒಬ್ಬ ವಿಜ್ಞಾನಿ ಇದ್ದಾನೆ, ತಂಡದಲ್ಲಿದ್ದ ಡೇವಿಡ್ ಡೋಕ್ ಅವರ ಹೆಸರೇ. ಮೇಲಿನ ಮಟ್ಟದಲ್ಲಿ ಅವನನ್ನು ಹುಡುಕಿ ಮಾತಾಡಿಸದೆ ಕೆಲಸ ಮುಗಿಯುವುದಿಲ್ಲ, ಆದರೆ ಅವನು ಪ್ರತಿ ಸಲ ಬೇರೆ ಬೇರೆ ಕಡೆ ನಿಂತಿರುತ್ತಾನೆ. ಉಳಿದ ವಿಜ್ಞಾನಿಗಳನ್ನು ಕಂಡಾಪಟ್ಟೆ ಹೊಡೆದರೆ ಸೋತಂತೆ. ಇದೇ ಹಂತವನ್ನು 00 ಮಟ್ಟದಲ್ಲಿ 2 ನಿಮಿಷ 5 ಸೆಕೆಂಡಿನೊಳಗೆ ಮುಗಿಸಿದರೆ ಸಾವೇ ಇಲ್ಲದೆ ಆಡುವ ಕಳ್ಳದಾರಿ (ಚೀಟ್) ಸಿಗುತ್ತದೆ. ಅಂದರೆ ಕೈ ಎಷ್ಟೇ ಚುರುಕಾಗಿದ್ದರೂ ಡೋಕ್ ಹತ್ತಿರದ ಕೋಣೆಯಲ್ಲಿ ನಿಲ್ಲುವ ಅದೃಷ್ಟವೂ ಬೇಕು. ಮೇಷ್ಟರು ಆ ಮನುಷ್ಯನನ್ನು ಬೈದದ್ದರಲ್ಲಿ ಎಷ್ಟು ಪ್ರೀತಿ ಇತ್ತು ಅಂದರೆ ಅದನ್ನು ಮೂಲೆಗೆ ಹಾಕಬಾರದಿತ್ತು ಅಂತ ನಮ್ಮ ಪುಟವಿನ್ಯಾಸದವರ ಹತ್ತಿರ ನಾನೇ ಜಗಳ ಆಡಿದೆ.

ಹಾಗಂತ ಈ ಅರ್ಧದಲ್ಲಿ ಎಲ್ಲ ಚೆನ್ನ ಅಂದುಕೊಳ್ಳಬೇಡಿ. ‘ಕಂಟ್ರೋಲ್’ ಹಂತದಲ್ಲಿ ಬಾಂಡ್‌ನ ಜೊತೆಗಾತಿ ನತಾಲ್ಯಾ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವಾಗ ಅವಳನ್ನು ಕಾಯಬೇಕು, ಅವಳು ಗುಂಡಿಗೆ ಅಡ್ಡ ಬಂದು ಸಾಯುತ್ತಾಳೆ, ಮತ್ತೆ ಮೊದಲಿಂದ. ಅದಕ್ಕೆ ಸಮರ್ಥನೆ ಇಲ್ಲ. ‘ಸರ್ಫೇಸ್’ನಲ್ಲಿ ಮಂಜಿನೊಳಗೆ ದಾರಿ ಹುಡುಕುವುದೇ ಒಂದು ಶಿಕ್ಷೆ. ಎರಡು ಸಿಡಿತ ಒಟ್ಟಿಗೆ ಆದರೆ ಹಳೇ ಯಂತ್ರದಲ್ಲಿ ಚಿತ್ರ ತಡವರಿಸುತ್ತಿತ್ತು. ಇನ್ನು ಇಷ್ಟು ಜನರನ್ನು ಕೊಲ್ಲುವುದು ನೋಡಿ ಮಾರಿಯೊ ಆಟಗಳನ್ನು ಮಾಡಿದ ನಿಂಟೆಂಡೊದ ಮಿಯಾಮೊಟೊ ಅವರಿಗೇ ಕಸಿವಿಸಿಯಾಗಿ, ಕೊನೆಯಲ್ಲಿ ಆಟಗಾರ ಆಸ್ಪತ್ರೆಗೆ ಹೋಗಿ ಎಲ್ಲ ಶತ್ರುಗಳ ಕೈ ಕುಲುಕಲಿ ಅಂತ ಸೂಚಿಸಿದ್ದರಂತೆ, ಹಾಲಿಸ್ ಅವರೇ ಹೇಳಿದ ಮಾತು. ಅದನ್ನು ಮಾಡಲಿಲ್ಲ. ಮಾಡಿದ್ದರೆ ನಾನು ನೋಡುತ್ತಿದ್ದೆ.

ಆಡೋಕೆ ಸ್ವಿಚ್ಚೋ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸೋ ಅಂತ ಕೇಳಿದ್ದೀರಿ. ಹಕ್ಕುಗಳ ಗೋಜಲು ಬಿಡಿಸಿಕೊಂಡು 2023ರ ಜನವರಿಯಲ್ಲಿ ಎರಡಕ್ಕೂ ಒಟ್ಟಿಗೇ ಬಂತು. ರೇರ್ ಕಂಪನಿಯನ್ನು 2002ರಲ್ಲೇ ಮೈಕ್ರೋಸಾಫ್ಟ್ ಕೊಂಡಿತ್ತು, ಆಟ ಬಂದದ್ದು ನಿಂಟೆಂಡೊದಲ್ಲಿ, ಬಾಂಡ್ ಹಕ್ಕು ಮೂರನೆಯವರದ್ದು, ಅದಕ್ಕೇ ಅಷ್ಟು ವರ್ಷ. ಸ್ವಿಚ್‌ನಲ್ಲಿ ಆನ್‌ಲೈನ್ ಆಡಬಹುದು. ಎಕ್ಸ್‌ಬಾಕ್ಸ್‌ನಲ್ಲಿ ಆನ್‌ಲೈನ್ ಇಲ್ಲ, ಆದರೆ ಎರಡು ಕಡ್ಡಿಯ ಕಂಟ್ರೋಲ್ ಸರಿಯಾಗಿದೆ. ನಾನು ಹೇಳುವ ಅರ್ಧಕ್ಕೆ ಎಕ್ಸ್‌ಬಾಕ್ಸೇ ಒಳ್ಳೇದು. ಅದಿಲ್ಲದಿದ್ದರೆ ಮೇಲೆ ಹೇಳಿದ ಹಾಗೆ ಕಡ್ಡಿ ಬದಲಿಸಿಕೊಳ್ಳಿ, ಸಾಕು.

ಕೊನೆಯಲ್ಲಿ ‘ಪರ್ಫೆಕ್ಟ್ ಡಾರ್ಕ್’ ಆಡಲೋ ಬೇಡವೋ ಅಂದಿದ್ದೀರಿ. ಆಡಿ. ಅದೇ ರೇರ್ ಕಂಪನಿ 2000ದಲ್ಲಿ ಅದೇ ಯಂತ್ರಕ್ಕೆ ಮಾಡಿದ್ದು, ಕೆಲಸ ಬದಲಾಗುವ ಮೂರು ಮಟ್ಟಗಳು ಅದರಲ್ಲೂ ಇವೆ. ನಾಲ್ಕು ಜನ ಸಿಗದವರಿಗೂ ನ್ಯಾಯ ಇದೆ, ಕಂಪ್ಯೂಟರ್ ಎದುರಾಳಿಗಳನ್ನು ಹಾಕಿಕೊಳ್ಳಬಹುದು. ಹಳೇ ಯಂತ್ರದಲ್ಲಿ ಅದು ತೀರಾ ತಡವರಿಸುತ್ತಿತ್ತು, ಮೆಮೊರಿ ಹೆಚ್ಚಿಸುವ ಪ್ಯಾಕ್ ಇಲ್ಲದಿದ್ದರೆ ಆಟದ ಬಹುಪಾಲು ತೆರೆಯುತ್ತಲೇ ಇರಲಿಲ್ಲ. 2010ರಲ್ಲಿ ಎಕ್ಸ್‌ಬಾಕ್ಸ್ 360ಕ್ಕೆ ಬಂದ ರೂಪದಲ್ಲಿ ಆ ತಾಪತ್ರಯ ಇಲ್ಲ, ಅದನ್ನೇ ಹುಡುಕಿ. ಆದರೆ ಮೊದಲು ಫೆಸಿಲಿಟಿಯನ್ನು 00 ಮಟ್ಟದಲ್ಲಿ ಮುಗಿಸಿ. ಮುಗಿಸಿದ ಮೇಲೂ ಇದು ಕೆಟ್ಟ ಆಟ ಅನ್ನಿಸಿದರೆ ಬರೆದು ಕಳಿಸಿ, ಈ ಸಲ ಮೂಲೆಗೆ ಹಾಕುವುದಿಲ್ಲ.

— ಸಂಪಾದಕ, ಕಾರವಾರ