ಕೊಡಗಿನಲ್ಲಿ ಐದು ಹಗಲು: ಕೋಟೆಯಿಂದ ಕಾಡಿನ ಅರಮನೆಗೆ

ಪ್ರಶ್ನೆ: ಡಿಸೆಂಬರ್ ಕೊನೆಯ ವಾರ ನಮ್ಮ ಕುಟುಂಬದ ಐವರು ಸ್ವಂತ ಕಾರಿನಲ್ಲಿ ಕೊಡಗಿಗೆ ಬರುವವರಿದ್ದೇವೆ. ನಾಲ್ಕು ರಾತ್ರಿ ಉಳಿಯಬಹುದು. ಒಂಬತ್ತನೆಯ ತರಗತಿಯ ಮಗಳಿಗೆ ಇತಿಹಾಸವೆಂದರೆ ಪ್ರಾಣ, ಕಾಲೇಜು ಓದುವ ಮಗನಿಗೆ ಕಾಡು ಮತ್ತು ಬೆಟ್ಟ. ನನ್ನ ತಾಯಿಗೆ ಮಂಡಿನೋವಿದೆ. ಮಡಿಕೇರಿ ಕೋಟೆ, ರಾಜಾಸೀಟ್, ಅಬ್ಬಿ, ಮಾಂದಲಪಟ್ಟಿ, ತಲಕಾವೇರಿ, ನಾಲ್ಕುನಾಡು ಅರಮನೆ, ದುಬಾರೆ, ನಿಸರ್ಗಧಾಮ, ಬೈಲಕುಪ್ಪೆ, ಇರ್ಪು, ನಾಗರಹೊಳೆ ಎಂದು ಪಟ್ಟಿ ಮಾಡಿಕೊಂಡಿದ್ದೇವೆ. ಯಾವ ಕ್ರಮದಲ್ಲಿ ನೋಡಿದರೆ ಅನುಕೂಲ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ತಮ್ಮ ಪಟ್ಟಿಯಲ್ಲಿ ಹನ್ನೊಂದು ಸ್ಥಳಗಳಿವೆ. ನಕ್ಷೆಯಲ್ಲಿ ಅವು ಒಂದರ ಪಕ್ಕ ಒಂದು ಇರುವಂತೆ ಕಂಡರೂ ನಮ್ಮ ತಿರುವು ರಸ್ತೆಗಳಲ್ಲಿ ಮೂವತ್ತು ಕಿಲೋಮೀಟರ್ ಸಾಗಲು ಒಂದು ಗಂಟೆ ಬೇಕಾಗುತ್ತದೆ. ಅದರಲ್ಲೂ ವರ್ಷದ ಕೊನೆಯ ವಾರ ಮಡಿಕೇರಿಯ ಸುತ್ತ ವಾಹನಗಳ ಸಾಲು ಕರಗುವುದೇ ಇಲ್ಲ. ಜಿಲ್ಲೆಯ ದಕ್ಷಿಣ ತುದಿಯಲ್ಲಿರುವ ಇರ್ಪು ಮತ್ತು ನಾಗರಹೊಳೆಯನ್ನು ಇನ್ನೊಂದು ಪ್ರವಾಸಕ್ಕೆ ಇಟ್ಟುಕೊಳ್ಳಿ. ಜೀಪಿಗಾಗಿ ಕಾದು, ಕಲ್ಲುದಾರಿಯಲ್ಲಿ ಕುಲುಕಾಡಿಕೊಂಡು ಏರಬೇಕಾದ ಮಾಂದಲಪಟ್ಟಿ ತಮ್ಮ ತಾಯಿಯವರಿಗೆ ಸರಿಹೋಗದು. ಅಬ್ಬಿ, ದುಬಾರೆ, ನಿಸರ್ಗಧಾಮಗಳನ್ನೂ ನಾನು ಬಿಡಿ ಎಂದೇ ಹೇಳುತ್ತೇನೆ. ಆ ಸಮಯವನ್ನೆಲ್ಲ ನಾಲ್ಕುನಾಡಿಗೆ ಕೊಡಿ.

ಮಗಳಿಗೊಂದು ದಿನ, ಮಗನಿಗೊಂದು ದಿನ ಎಂದು ಹಂಚುವ ಅಗತ್ಯವೂ ಇಲ್ಲ. ಹಾಲೇರಿ ವಂಶದ ಅರಸರು ಹದಿನೇಳನೆಯ ಶತಮಾನದಿಂದ 1834ರವರೆಗೆ ಈ ನಾಡನ್ನು ಆಳಿದ್ದರಲ್ಲಿ ಕೋಟೆಯ ಗೋಡೆಗಳಿಗಿಂತ ದೊಡ್ಡ ಪಾಲು ಕಾಡಿನದು. ಕಷ್ಟ ಬಂದಾಗ ಅವರು ಹೋಗಿ ಸೇರಿಕೊಳ್ಳುತ್ತಿದ್ದುದು ಬೆಟ್ಟದ ಬುಡವನ್ನು. ಆ ಅರಸರ ಜಾಡು ಹಿಡಿದು ಹೊರಟರೆ ಮಗಳು ಕೇಳಿದ ಇತಿಹಾಸದ ದಾರಿಯೇ ಮಗನನ್ನು ಕಾಡಿಗೆ ಮುಟ್ಟಿಸುತ್ತದೆ. ಎರಡು ರಾತ್ರಿ ಮಡಿಕೇರಿಯಲ್ಲಿ, ಎರಡು ರಾತ್ರಿ ನಾಲ್ಕುನಾಡು ಅರಮನೆಗೆ ಹತ್ತಿರದ ಕಕ್ಕಬೆಯ ಆಸುಪಾಸಿನ ಹೋಮ್‌ಸ್ಟೇಯಲ್ಲಿ ತಂಗುವುದು ಸಾಕು. ದಿನಕ್ಕೊಂದು ಕಡೆ ಗಂಟುಮೂಟೆ ಬಿಚ್ಚಿ ಕಟ್ಟುವ ಪ್ರವಾಸದಲ್ಲಿ ಹಿರಿಯರು ಎರಡನೆಯ ದಿನಕ್ಕೇ ಸೋತುಬಿಡುತ್ತಾರೆ.

ತಾವು ಉತ್ತರದಿಂದ ಬರುವುದರಿಂದ ಒಂದು ಲಾಭವಿದೆ. ಮೈಸೂರು, ಬೆಂಗಳೂರಿನ ಪ್ರವಾಸಿಗರೆಲ್ಲ ಕುಶಾಲನಗರದ ಬಾಗಿಲಿನಿಂದ ಒಳಬಂದರೆ, ಹಾಸನ ದಾಟಿ ಕೊಡ್ಲಿಪೇಟೆ, ಶನಿವಾರಸಂತೆ ಮಾರ್ಗವಾಗಿ ಬರುವ ತಮಗೆ ಮುಳ್ಳೂರಿನ ಬಸದಿಗಳು ದಾರಿಯಲ್ಲೇ ಸಿಗುತ್ತವೆ. ಹನ್ನೊಂದನೆಯ ಶತಮಾನದಲ್ಲಿ ಈ ಭಾಗವನ್ನು ಆಳಿದ ಕೊಂಗಾಳ್ವರ ಕಾಲದ ಈ ಜೈನ ಬಸದಿಗಳನ್ನು ನೋಡಲು ಬರುವವರು ಬಹಳ ಕಡಿಮೆ. ಹಾಲೇರಿ ಅರಸರಿಗಿಂತ ಐನೂರು ವರ್ಷ ಹಿಂದೆಯೇ ಕೊಡಗಿನಲ್ಲಿ ಶಾಸನ ಬರೆಯಿಸಿ ಗುಡಿ ಕಟ್ಟಿಸಿದವರು ಇದ್ದರೆಂಬುದು ಮಗಳಿಗೆ ಅಲ್ಲಿ ಕಣ್ಣಿಗೇ ಕಾಣುತ್ತದೆ. ಬೆಳಗಿನ ಜಾವ ಊರು ಬಿಟ್ಟರೆ ಮಾತ್ರ ಇದು ಸಾಧ್ಯ. ಅಲ್ಲಿಂದ ಸೋಮವಾರಪೇಟೆ, ಮಾದಾಪುರ ಮೂಲಕ ಕತ್ತಲಾಗುವುದರೊಳಗೆ ಮಡಿಕೇರಿ ಸೇರಿಕೊಳ್ಳಿ. ಡಿಸೆಂಬರಿನಲ್ಲಿ ಸಂಜೆಯಾಗುತ್ತಲೇ ಮಂಜು ಇಳಿಯುವ ಆ ರಸ್ತೆ ಹೊಸಬರಿಗೆ ರಾತ್ರಿ ಹೊತ್ತು ಹೇಳಿಸಿದ್ದಲ್ಲ.

ಎರಡನೆಯ ದಿನ ಪೂರ್ತಿ ಮಡಿಕೇರಿಗೆ. ಮುದ್ದುರಾಜ 1681ರಲ್ಲಿ ರಾಜಧಾನಿ ಮಾಡಿಕೊಂಡ ಈ ಊರಿನಲ್ಲಿ ಮೊದಲಿದ್ದದ್ದು ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಕಟ್ಟಿಸಿದವನು ಟಿಪ್ಪು ಸುಲ್ತಾನ್, ಒಳಗಿನ ಅರಮನೆಗೆ ಈಗಿನ ರೂಪ ಕೊಟ್ಟವನು ಎರಡನೆಯ ಲಿಂಗರಾಜೇಂದ್ರ. ಅಂಗಳದ ಮೂಲೆಯಲ್ಲಿ ನಿಂತಿರುವ, ನಿಜವಾದ ಆನೆಯಷ್ಟೇ ಎತ್ತರದ ಗಾರೆಯ ಆನೆಗಳ ಮುಂದೆ ಎಲ್ಲರೂ ಚಿತ್ರ ತೆಗೆಸಿಕೊಂಡು ಹೊರಟುಬಿಡುತ್ತಾರೆ. ತಾವು ಪಕ್ಕದ ಹಳೆಯ ಚರ್ಚಿಗೂ ಹೋಗಿ. ಬ್ರಿಟಿಷರು 1855ರಲ್ಲಿ ಕಟ್ಟಿದ ಆ ಕಟ್ಟಡವೇ ಈಗ ಸರ್ಕಾರಿ ವಸ್ತುಸಂಗ್ರಹಾಲಯ. 1837ರ ರೈತ ಬಂಡಾಯದ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಗಲ್ಲಿಗೇರಿಸಿದ್ದೂ ಇದೇ ಕೋಟೆಯಲ್ಲಿ ಎಂಬುದನ್ನು ಮಗಳಿಗೆ ಅಲ್ಲಿಯೇ ಹೇಳಿ.

ಅಲ್ಲಿಂದ ಓಂಕಾರೇಶ್ವರ ದೇವಸ್ಥಾನ ಮತ್ತು ಗದ್ದಿಗೆ. ಈ ಎರಡನ್ನೂ ಒಂದೇ ದಿನ, ಒಂದರ ಹಿಂದೊಂದು ನೋಡಬೇಕು. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಶಿವಾಲಯಕ್ಕೆ ನಡುವೆ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಮಿನಾರು, ಮುಂದೆ ಕಲ್ಯಾಣಿ, ಕಲ್ಯಾಣಿಯ ನಡುವೆ ಮಂಟಪ. ದೊಡ್ಡ ವೀರರಾಜೇಂದ್ರ, ಅವನ ಪತ್ನಿ ಮಹದೇವಮ್ಮ ಮತ್ತು ಲಿಂಗರಾಜೇಂದ್ರ ಮಲಗಿರುವ ಗದ್ದಿಗೆಗಳ ಮೇಲೂ ಅದೇ ಗುಮ್ಮಟ, ಅದೇ ಮಿನಾರುಗಳು. ಟಿಪ್ಪುವಿನೊಡನೆ ಜೀವಮಾನವಿಡೀ ಕಾದಾಡಿದ ವೀರಶೈವ ಮನೆತನವೊಂದು ತನ್ನ ದೇವರಿಗೂ ತನ್ನ ಸತ್ತವರಿಗೂ ಮುಸ್ಲಿಂ ವಾಸ್ತುವಿನ ಚೆಲುವನ್ನು ಸಂಕೋಚವಿಲ್ಲದೆ ಆರಿಸಿಕೊಂಡಿತೆಂಬುದು ಪಠ್ಯಪುಸ್ತಕದ ಪಾಠಕ್ಕಿಂತ ಹೆಚ್ಚು ಕಲಿಸೀತು. ಗದ್ದಿಗೆಯಲ್ಲಿ ಜನಸಂದಣಿ ಇರುವುದಿಲ್ಲ. ತಾಯಿಯವರು ಹುಲ್ಲಿನ ಮೇಲೆ ನಿಶ್ಚಿಂತೆಯಿಂದ ಕುಳಿತಿರಬಹುದು. ಸಂಜೆ ರಾಜಾಸೀಟ್. ಜನರಲ್ ತಿಮ್ಮಯ್ಯನವರು ಬೆಳೆದ ಸನ್ನಿಸೈಡ್ ಮನೆಯೂ ಈಗ ಸಂಗ್ರಹಾಲಯವಾಗಿದೆ, ಸಮಯ ಉಳಿದರೆ ನೋಡಿ.

ಮೂರನೆಯ ದಿನ ಬೇಗ ಹೊರಟು ಸುಮಾರು ನಲವತ್ತು ಕಿಲೋಮೀಟರ್ ದೂರದ ಭಾಗಮಂಡಲಕ್ಕೆ ಹೋಗಿ. ಕಾವೇರಿಯೂ ಕನ್ನಿಕೆಯೂ ಕಣ್ಣಿಗೆ ಕಾಣುವಂತೆ, ಸುಜ್ಯೋತಿ ಗುಪ್ತಗಾಮಿನಿಯಾಗಿ ಕೂಡುವ ಸಂಗಮದಲ್ಲಿ ಕೈಕಾಲು ತೊಳೆದು, ಭಗಂಡೇಶ್ವರನಿಗೆ ಕೈಮುಗಿದು ತಲಕಾವೇರಿಗೆ ಏರುವುದು ನಮ್ಮವರ ಕ್ರಮ. ಅದು ಕೊಡಗಿನವರ ತಾಯಿಯ ನೆಲೆ. ಬೆಟ್ಟದ ಮೇಲೆ ಗಾಳಿ ಚೆನ್ನಾಗಿದೆಯೆಂದು ತಿಂಡಿ ಪೊಟ್ಟಣ ಬಿಚ್ಚಿ ಕೂರುವ ಜಾಗವಲ್ಲವೆಂದು ಮಕ್ಕಳಿಗೆ ಮೊದಲೇ ತಿಳಿಸಿ. ಮಧ್ಯಾಹ್ನ ನಾಪೋಕ್ಲು ಮೂಲಕ ಕಕ್ಕಬೆಗೆ ಬಂದರೆ ಅರಮನೆಗೆ ಬಿಸಿಲಿಳಿಯುವ ಹೊತ್ತಿಗೆ ತಲುಪುತ್ತೀರಿ.

ಅರಮನೆ ಎಂದಾಗ ಮೈಸೂರನ್ನು ನೆನೆದುಕೊಂಡು ಹೋದವರು ಇಲ್ಲಿ ನಿರಾಶರಾಗುತ್ತಾರೆ. ನಾಲ್ಕುನಾಡು ಅರಮನೆ ದೊಡ್ಡದೊಂದು ಹೆಂಚಿನ ಮನೆಯಂತಿದೆ. ಕೆತ್ತನೆಯ ಮರದ ಕಂಬಗಳು, ಬಣ್ಣ ಮಾಸಿದ ಭಿತ್ತಿಚಿತ್ರಗಳು, ಬೆಳಕು ಕಷ್ಟಪಟ್ಟು ನುಸುಳುವ ಒಳಕೋಣೆಗಳು, ಅಂಗಳದಲ್ಲಿ ಪುಟ್ಟದೊಂದು ಮದುವೆ ಮಂಟಪ. ಆದರೆ ಇದನ್ನು ಕಟ್ಟಿಸಿದವನ ಕಥೆ ತಿಳಿದಿದ್ದರೆ ಆ ಕತ್ತಲೆಗೂ ಅರ್ಥ ಬರುತ್ತದೆ. ಟಿಪ್ಪುವಿನ ಸೆರೆಯಾಳಾಗಿ ಪಿರಿಯಾಪಟ್ಟಣದಲ್ಲಿದ್ದ ದೊಡ್ಡ ವೀರರಾಜೇಂದ್ರ 1788ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬಂದು, ಜನರನ್ನು ಕೂಡಿಸಿ, ನಾಡನ್ನು ಮರಳಿ ಗೆದ್ದ ಮೇಲೆ 1792ರಿಂದ 1794ರ ನಡುವೆ ಇದನ್ನು ಎಬ್ಬಿಸಿದ. ಶತ್ರು ಸುಲಭವಾಗಿ ಬರಲಾಗದ ಜಾಗವೇ ಅವನಿಗೆ ಬೇಕಾಗಿತ್ತು. ಹಿಂದೆ ತಡಿಯಂಡಮೋಳ್ ಬೆಟ್ಟ, ಸುತ್ತ ದಟ್ಟ ಕಾಡು. ನಲವತ್ತು ವರ್ಷಗಳ ಬಳಿಕ, 1834ರ ಏಪ್ರಿಲ್‌ನಲ್ಲಿ, ಬ್ರಿಟಿಷ್ ಪಡೆ ಮಡಿಕೇರಿಗೆ ನುಗ್ಗಿದಾಗ ಕೊನೆಯ ಅರಸ ಚಿಕ್ಕ ವೀರರಾಜೇಂದ್ರ ಆಶ್ರಯ ಪಡೆದದ್ದೂ ಇಲ್ಲಿಯೇ. ಅವನು ಇಲ್ಲಿಂದ ಹೊರಬಂದು ಶರಣಾದ ಮೇಲೆ ಕೊಡಗಿನಲ್ಲಿ ಅರಸೊತ್ತಿಗೆಯೇ ಉಳಿಯಲಿಲ್ಲ. ದಯವಿಟ್ಟು ಗೋಡೆಯ ಚಿತ್ರಗಳನ್ನು ಯಾರೂ ಬೆರಳಿನಿಂದ ಸವರದಂತೆ ನೋಡಿಕೊಳ್ಳಿ. ಉಳಿದಿರುವುದೇ ಅಷ್ಟು.

ನಾಲ್ಕನೆಯ ದಿನ ತಾವು ಮತ್ತು ಮಕ್ಕಳು ತಡಿಯಂಡಮೋಳ್ ಏರಿ. ಜಿಲ್ಲೆಯ ಅತಿ ಎತ್ತರದ ಈ ಶಿಖರಕ್ಕೆ 1,748 ಮೀಟರ್. ಕಾಲ್ದಾರಿ ಅರಮನೆಯ ಬಳಿಯಿಂದಲೇ ಮೇಲೇರುತ್ತದೆ. ಮೊದಲು ಸಲೀಸಾಗಿದ್ದು, ಕೊನೆಯ ಶೋಲಾ ಕಾಡಿನ (ಬೆಟ್ಟದ ಕೊಳ್ಳಗಳಲ್ಲಿ ಬೆಳೆಯುವ ದಟ್ಟ ಕಾಡು) ಏರು ಮಾತ್ರ ಉಸಿರು ಹಿಡಿಸುತ್ತದೆ. ಅರಣ್ಯ ಇಲಾಖೆಯ ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಮುಂಚೆಯೇ ಮಾಡಿಸಿ, ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಬೆಳಿಗ್ಗೆ ಏಳಕ್ಕೆಲ್ಲ ನಡಿಗೆ ಶುರುಮಾಡಿ. ಅಷ್ಟರಲ್ಲಿ ಹಿರಿಯರು ಕಾರಿನಲ್ಲಿ ಪಾಡಿ ಇಗ್ಗುತ್ತಪ್ಪನ ದರ್ಶನ ಮಾಡಿ ಬರಲಿ. ಮಧ್ಯಾಹ್ನದ ನಂತರ ಹೋಮ್‌ಸ್ಟೇಯವರನ್ನು ಕೇಳಿಕೊಂಡರೆ ತೋಟ ತೋರಿಸುತ್ತಾರೆ. ಡಿಸೆಂಬರ್ ಎಂದರೆ ಅರೇಬಿಕಾ ಕೊಯ್ಲಿನ ಕಾಲ. ಗಿಡದಲ್ಲಿ ಕೆಂಪಗೆ ಹಣ್ಣಾದ ಕಾಫಿ ಕಣಕ್ಕೆ ಬಂದು ಒಣಗುತ್ತಿರುವುದನ್ನು ಮೂಸಿ ನೋಡಬಹುದು. ವಿರಾಜಪೇಟೆ ದಾರಿಯಲ್ಲಿ ಕಡಂಗ ಎಂಬ ಊರೇ ಇದೆ. ಬೆಟ್ಟಗುಡ್ಡಗಳ ಮೇಲೆ ಮೈಲಿಗಟ್ಟಲೆ ಅಗೆದು, ತೆಗೆದ ಮಣ್ಣನ್ನು ಏರಿಯಾಗಿ ಹಾಕಿದ ಹಳೆಯ ಯುದ್ಧ ಕಂದಕಗಳಿಗೆ ಇಲ್ಲಿ ಹಾಗೆನ್ನುತ್ತಾರೆ. ಎಷ್ಟೋ ಕಡಂಗಗಳ ಮೇಲೆ ಈಗ ಮರ ಬೆಳೆದಿವೆ. ನಿಮ್ಮ ಆತಿಥೇಯರಿಗೆ ಹತ್ತಿರದ್ದೊಂದು ಗೊತ್ತಿರುವುದು ಖಂಡಿತ, ಕೇಳಿ ನೋಡಿ.

ಐದನೆಯ ದಿನ ಕುಶಾಲನಗರದ ಮೇಲೆ ಹಿಂದಿರುಗುವಾಗ ಬೈಲಕುಪ್ಪೆಯ ಟಿಬೆಟನ್ ವಿಹಾರಕ್ಕೆ ಒಂದು ಗಂಟೆ ಸಾಕು. ಅದು ಹೊಳೆಯಾಚೆ, ಮೈಸೂರು ಜಿಲ್ಲೆಗೆ ಸೇರಿದ್ದು. ಅಲ್ಲಿಂದ ಕೊಣನೂರು, ಅರಕಲಗೂಡು, ಹಾಸನ.

ಪ್ರಶ್ನೆ: ಹಿಂದೊಮ್ಮೆ ಮಡಿಕೇರಿ ನೋಡಿದ್ದೇವೆ. ಈಗ ಒಂದೇ ರಾತ್ರಿಯ ಬಿಡುವಿನಲ್ಲಿ ಇರ್ಪು, ನಾಗರಹೊಳೆ ಎರಡೂ ಆಗುತ್ತವೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಧಾರಾಳವಾಗಿ ಆಗುತ್ತವೆ, ಕುಟ್ಟದಲ್ಲಿ ತಂಗಿದರೆ. ಮೊದಲ ದಿನ ಗೋಣಿಕೊಪ್ಪದ ಮೇಲೆ ಇರ್ಪುವಿಗೆ ಬಂದು, ರಾಮೇಶ್ವರ ದೇವಸ್ಥಾನದಿಂದ ಮೆಟ್ಟಿಲೇರಿ ಲಕ್ಷ್ಮಣತೀರ್ಥದ ಜಲಪಾತ ನೋಡಿ; ಮರುದಿನ ಬೆಳಿಗ್ಗೆ ನಾಣಚ್ಚಿ ಗೇಟಿನ ಸಫಾರಿ ಹಿಡಿಯಿರಿ. ನಾಗರಹೊಳೆಯ ಕಾಡಿನ ರಸ್ತೆ ರಾತ್ರಿ ಮುಚ್ಚುವುದರಿಂದ ಸಂಜೆಯೊಳಗೆ ದಾಟುವ ಲೆಕ್ಕ ಹಾಕಿಕೊಳ್ಳಬೇಕು. ಹುಲಿ ಕಾಣಲೇಬೇಕೆಂಬ ಹಠ ಬೇಡ. ಕಾಟಿ, ಕಡವೆ, ಆನೆಗಳ ಹಿಂಡು ಕಂಡರೂ ಬೆಳಗು ಸಾರ್ಥಕವೇ.

ಪ್ರಶ್ನೆ: ಜುಲೈನಲ್ಲಿ ಕೊಠಡಿ ಬಾಡಿಗೆ ಕಡಿಮೆಯೆಂದು ಕೇಳಿದ್ದೇವೆ. ಮಳೆಯಲ್ಲಿ ಕೊಡಗು ಇನ್ನೂ ಚೆಂದವಂತೆ. ಚಿಕ್ಕ ಮಕ್ಕಳೊಂದಿಗೆ ಬರಬಹುದೇ?
– ಓದುಗರೊಬ್ಬರು, ತುಮಕೂರು

ಉತ್ತರ: ಚೆಂದವೆಂಬುದು ನಿಜ. ಆದರೂ ಚಿಕ್ಕ ಮಕ್ಕಳೊಂದಿಗೆ ಬೇಡವೆಂದೇ ನನ್ನ ಸಲಹೆ. 2018ರ ಆಗಸ್ಟಿನಲ್ಲಿ ಬೆಟ್ಟಗಳೇ ಜಾರಿ ಊರುಗಳು ಕೊಚ್ಚಿಹೋದದ್ದನ್ನೂ, 2020ರ ಆಗಸ್ಟಿನಲ್ಲಿ ಬ್ರಹ್ಮಗಿರಿ ಕುಸಿದು ತಲಕಾವೇರಿಯ ಅರ್ಚಕರ ಮನೆಗಳು ಮಣ್ಣಿನಡಿ ಸೇರಿದ್ದನ್ನೂ ಇಲ್ಲಿನವರು ಮರೆತಿಲ್ಲ. ಮಳೆ ಹೆಚ್ಚಾದರೆ ಬೆಟ್ಟ ಮತ್ತು ಜಲಪಾತಗಳಿಗೆ ಪ್ರವೇಶ ನಿಲ್ಲಿಸುತ್ತಾರೆ, ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ, ತೋಟಕ್ಕೆ ಕಾಲಿಟ್ಟರೆ ಜಿಗಣೆ ಕಾಟ. ಅಕ್ಟೋಬರ್ ಉತ್ತರಾರ್ಧಕ್ಕೆ ಮುಂದೂಡಿ. ತೊರೆಗಳಲ್ಲಿ ಆಗಲೂ ನೀರು ತುಂಬಿರುತ್ತದೆ, ಆಕಾಶ ತೆರವಾಗಿರುತ್ತದೆ. ತುಲಾ ಸಂಕ್ರಮಣದ ತೀರ್ಥೋದ್ಭವದ ಆಚೀಚಿನ ಎರಡು ಮೂರು ದಿನ ಮಾತ್ರ ಭಾಗಮಂಡಲದ ಕಡೆ ಯಾತ್ರಿಕರು ಕಿಕ್ಕಿರಿದಿರುತ್ತಾರೆ. ಕೊಠಡಿ ಕಾದಿರಿಸುವ ಮುನ್ನ ಪಂಚಾಂಗ ನೋಡಿಕೊಳ್ಳಿ.