ಪ್ರತಿಕ್ರಿಯೆ: ಡ್ರಾಗಳಲ್ಲೇ ಸಿಕ್ಕಿಬಿದ್ದ ತಂಡ ಮೇಲೇರಬೇಕಾದರೆ

ಮೇಲಿನ ದರ್ಜೆಯಿಂದ ಬಿ ಡಿವಿಷನ್‌ಗೆ ಇಳಿದ ನಿಮ್ಮ ದಾವಣಗೆರೆ ಫುಟ್‌ಬಾಲ್ ತಂಡ ಎಂಟರಲ್ಲಿ ಐದು ಪಂದ್ಯ ಡ್ರಾ ಮಾಡಿಕೊಂಡಿದೆ, ಮತ್ತೆ ಮೇಲೇರಲು ಏನು ಮಾಡಬೇಕು ಎಂದು ಕೇಳಿದ್ದೀರಿ. ಕಾರಣ ಬಹುಶಃ ಸ್ಟ್ರೈಕರ್ (ಗೋಲು ಹೊಡೆಯಬೇಕಾದ ಮುಂಚೂಣಿ ಆಟಗಾರ) ಅಲ್ಲ. ಮೇಲಿಂದ ಬಂದವರು ಅಂತ ಎದುರಾಳಿಗಳು ಹತ್ತೂ ಜನ ಹಿಂದೆ ನಿಂತುಬಿಡುತ್ತಾರೆ. ಚಿತ್ರದುರ್ಗದಲ್ಲಿ ನಮ್ಮ ಹುಡುಗರಿಗೂ ಹೀಗೇ ಆಗಿತ್ತು.

ಮೊದಲು ಮಧ್ಯದಿಂದ ಉದ್ದ ಚೆಂಡು ಎತ್ತಿ ಹಾಕುವುದನ್ನು ಬಿಡಿಸಿ. ಅಂಚಿನಲ್ಲಿ ಆಡುವ ವಿಂಗರ್‌ಗಳಿಬ್ಬರೂ ಪಕ್ಕದ ಗೆರೆ ಬಿಟ್ಟು ಒಳಗೆ ಬರಬಾರದು. ಗೋಲ್‌ಲೈನ್‌ವರೆಗೆ ಹೋಗಿ ಚೆಂಡನ್ನು ನೆಲದ ಮೇಲೇ ಹಿಂದಕ್ಕೆ, ಪೆನಾಲ್ಟಿ ಸ್ಪಾಟ್ ಕಡೆಗೆ ಕೊಡಲಿ. ತನ್ನದೇ ಗೋಲಿನತ್ತ ಓಡುತ್ತಿರುವ ಡಿಫೆಂಡರ್‌ಗೆ ಇದನ್ನು ತಡೆಯುವುದು ತುಂಬ ಕಷ್ಟ. ಆಮೇಲೆ ಕಾರ್ನರ್ ಅಭ್ಯಾಸ. ಪುಟಿದು ಬರುವ ಚೆಂಡಿಗೆ ಪೆನಾಲ್ಟಿ ಬಾಕ್ಸ್ ಹೊರಗೆ ಒಬ್ಬ ಕಾದಿರಲಿ.

70ನೇ ನಿಮಿಷಕ್ಕೂ ಸಮವಿದ್ದರೆ ಒಬ್ಬ ಡಿಫೆಂಡರನ್ನು ತೆಗೆದು ಫಾರ್ವರ್ಡ್ ಇಳಿಸಿ. ಸೋಲಿಗೆ ಹೆದರಬೇಡಿ: ಗೆಲುವಿಗೆ 3 ಅಂಕ, ಡ್ರಾಗೆ 1. ಐದು ಡ್ರಾಗೆ 5 ಅಂಕ, ಅದೇ ಐದರಲ್ಲಿ ಎರಡು ಗೆದ್ದು ಮೂರು ಸೋತರೂ 6. ಇಂಗ್ಲೆಂಡಿನ ಎರಡನೇ ದರ್ಜೆಯಲ್ಲಿ 2023-24ರಲ್ಲಿ ಲೀಡ್ಸ್ ತಂಡ 90 ಅಂಕ ಗಳಿಸಿಯೂ ಮೂರನೆಯದಾಗಿ, ಪ್ಲೇಆಫ್ (ಮೇಲೇರಲು ಉಳಿದ ಒಂದು ಸ್ಥಾನಕ್ಕಾಗಿ ನಡೆಯುವ ಪಂದ್ಯಗಳು) ಫೈನಲ್ ಸೋತು ಅಲ್ಲೇ ಉಳಿಯಿತು. ಜೊತೆಗೇ ಇಳಿದಿದ್ದ ಲೆಸ್ಟರ್ 97 ಅಂಕದಿಂದ ಮೇಲೇರಿತು. ಒಂದೊಂದು ಅಂಕಕ್ಕೂ ಅಷ್ಟು ಬೆಲೆ.

ನಿಮ್ಮ ಆಟ ನೋಡದೆ ಹೇಳುತ್ತಿದ್ದೇನೆ. ಗೋಲ್ ಮುಂದೆ ಅವಕಾಶ ಸಿಕ್ಕಿಯೂ ಕೈತಪ್ಪುತ್ತಿದ್ದರೆ ಮಾತ್ರ ಸ್ಟ್ರೈಕರ್ ಬದಲಿಸಿ. ಅಂಕ ಸಮವಾದರೆ ಗೋಲು ವ್ಯತ್ಯಾಸ ನೋಡುತ್ತಾರೋ, ಪರಸ್ಪರ ಪಂದ್ಯದ ಫಲಿತಾಂಶವೋ ಎಂದು ಲೀಗ್‌ನವರನ್ನು ಈಗಲೇ ಕೇಳಿಕೊಳ್ಳಿ.